ಇದು ಯಾರ ಕಿವಿ?

1972ರ 'ಗಾಡ್‌ಫಾದರ್' ಚಿತ್ರದಲ್ಲಿ ಒಂದು ಹೋಟೆಲ್ ದೃಶ್ಯ ಇದೆ. ಸಿನಿಮಾ ಹುಚ್ಚಿನವರಿಗೆ ಅದು ಬಾಯಿಪಾಠ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಸಣ್ಣ ಇಟಾಲಿಯನ್ ಹೋಟೆಲು. ಒಂದು ಟೇಬಲ್ಲು, ಮೂರು ಜನ. ಮೈಕೆಲ್. ಮಾಫಿಯಾ ದೊರೆಯಾದ ಅವನ ಅಪ್ಪನನ್ನು ಕೊಲ್ಲಿಸಲು ಹೊರಟಿದ್ದ ಸೊಲೊಟ್ಸೊ. ಸೊಲೊಟ್ಸೊನ ದುಡ್ಡು ತಿನ್ನುವ ಒಬ್ಬ ಪೊಲೀಸ್ ಕ್ಯಾಪ್ಟನ್. ನಡುವೆ ಮೈಕೆಲ್ ಎದ್ದು ಟಾಯ್ಲೆಟ್ಟಿಗೆ ಹೋಗುತ್ತಾನೆ. ಅಲ್ಲಿ ಹಳೇ ಕಾಲದ ಫ್ಲಶ್ ಟ್ಯಾಂಕಿನ ಹಿಂದೆ ಅವನಿಗಾಗಿ ಪಿಸ್ತೂಲು ಅಂಟಿಸಿಟ್ಟಿದ್ದಾರೆ. ಅದನ್ನು ತೆಗೆದುಕೊಂಡು ಬಂದು ಮತ್ತೆ ಕುರ್ಚಿಯಲ್ಲಿ ಕೂರುತ್ತಾನೆ.

ಹೊರಗೆ ಬಂದ ಕೂಡಲೇ ಗುಂಡು ಹಾರಿಸಬೇಕು ಅಂತ ಅವನಿಗೆ ಹೇಳಿಕೊಟ್ಟಿದ್ದಾರೆ. ಅವನು ಹಾರಿಸುವುದಿಲ್ಲ. ಸೊಲೊಟ್ಸೊ ಇಟಾಲಿಯನ್ನಿನಲ್ಲಿ ಏನೋ ಹೇಳುತ್ತಲೇ ಇರುತ್ತಾನೆ. ಅದಕ್ಕೆ ಸಬ್‌ಟೈಟಲ್ ಇಲ್ಲ. ಕ್ಯಾಮೆರಾ ಮೈಕೆಲ್ ಮುಖದ ಮೇಲೇ ಇದೆ. ಅವನ ಕಣ್ಣು ಅತ್ತಿತ್ತ ಓಡುತ್ತಿದೆ. ಆಗ ರೈಲಿನ ಸದ್ದು ಕೇಳುತ್ತದೆ. ರಸ್ತೆಯ ಮೇಲೆ ಎತ್ತರದ ಹಳಿಯಲ್ಲಿ ಹೋಗುವ ರೈಲು. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರುಚುವ ಸದ್ದು. ಅದು ಏರುತ್ತಾ ಏರುತ್ತಾ ಸೊಲೊಟ್ಸೊನ ಮಾತನ್ನೇ ನುಂಗಿಹಾಕುತ್ತದೆ. ಮೈಕೆಲ್ ಎದ್ದು ನಿಂತು ಇಬ್ಬರಿಗೂ ಗುಂಡಿಕ್ಕುತ್ತಾನೆ.

ಆ ರೈಲು ಎಲ್ಲೂ ಕಾಣಿಸುವುದಿಲ್ಲ. ಇನ್ನೊಂದು ವಿಚಿತ್ರ ಗಮನಿಸಿ. ಅಷ್ಟು ಜೋರಾಗಿ ರೈಲು ಹೋಗುತ್ತಿದ್ದರೆ ಮಾತಾಡುವವರು ದನಿ ಏರಿಸುತ್ತಾರೆ. ಇಲ್ಲವೇ ಅದು ದಾಟಲಿ ಅಂತ ಸುಮ್ಮನಾಗುತ್ತಾರೆ. ಸೊಲೊಟ್ಸೊ ಎರಡೂ ಮಾಡುವುದಿಲ್ಲ. ಕ್ಯಾಪ್ಟನ್ನು ತನ್ನ ಪಾಡಿಗೆ ಊಟ ಮಾಡುತ್ತಿದ್ದಾನೆ. ಅಂದರೆ ಅವರಿಬ್ಬರಿಗೂ ಆ ಸದ್ದು ಕೇಳುತ್ತಲೇ ಇಲ್ಲ. ಕೇಳುತ್ತಿರುವುದು ಮೈಕೆಲ್‌ಗೆ, ಮತ್ತೆ ನಮಗೆ. ಈ ಕೆಲಸ ಚಿತ್ರದ ಸದ್ದು ನೋಡಿಕೊಂಡ ವಾಲ್ಟರ್ ಮರ್ಚ್ ಅವರದ್ದು. ಗುಂಡು ಹಾರಿ, ಪಿಸ್ತೂಲು ಕೈಯಿಂದ ಬೀಳುವವರೆಗೆ ಆ ದೃಶ್ಯದಲ್ಲಿ ಸಂಗೀತವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಮೈಕೆಲ್ ಟಾಯ್ಲೆಟ್ಟಿಗೆ ಎದ್ದಾಗಲೇ ಪಿಟೀಲು ಶುರು ಮಾಡಿಸುತ್ತಿದ್ದರು.

ಒಳ್ಳೆಯ ಸೌಂಡ್ ಡಿಸೈನ್, ಅಂದರೆ ಸದ್ದುಗಳ ವಿನ್ಯಾಸ, ಇದ್ದರೆ ಸಿನಿಮಾ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ ಜಾಸ್ತಿ ಜನ ಸ್ಪೀಕರ್‌ಗಳ ಲೆಕ್ಕ ಒಪ್ಪಿಸುತ್ತಾರೆ. ಇಲ್ಲವೇ ಮಳೆ, ಗುಡುಗು, ಕುದುರೆ ಓಟ ಎಲ್ಲ ನಿಜ ಅನ್ನಿಸುವ ಹಾಗಿತ್ತು ಅನ್ನುತ್ತಾರೆ. ನಿಜ ಅನ್ನಿಸುವುದು ಅಂಥ ದೊಡ್ಡ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಆ ರೈಲು ನಿಜ ಅನ್ನಿಸುವಂಥದ್ದೇ ಅಲ್ಲ. ಆದರೆ ಕ್ಯಾಮೆರಾ ಹೊರಗಿನಿಂದ ಮೈಕೆಲ್ ಮುಖ ತೋರಿಸುತ್ತಿದ್ದಾಗಲೇ ಆ ಸದ್ದು ನಮ್ಮನ್ನು ಅವನ ತಲೆಯೊಳಗೆ ಕೂರಿಸಿಬಿಡುತ್ತದೆ. ಹಾಗಾಗಿ ಸಿನಿಮಾ ನೋಡುವಾಗ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಈಗ ನಾನು ಕೇಳುತ್ತಿರುವುದು ಯಾರ ಕಿವಿಯಿಂದ ಅಂತ ಆಗಾಗ ಕೇಳಿಕೊಳ್ಳುತ್ತೇನೆ.

ಇದು ತಲೆಹರಟೆ ಪ್ರಶ್ನೆ ಅಲ್ಲ. ಮದುವೆ ಛತ್ರದಲ್ಲಿ ಫೋನ್ ತೆಗೆದು ಸುಮ್ನೆ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ. ವಾಲಗ, ಮಕ್ಕಳ ಅಳು, ಪಾತ್ರೆ ಸದ್ದು, ಕುರ್ಚಿ ಎಳೆಯುವ ಸದ್ದು, ಎಲ್ಲ ಕಲಸಿಹೋಗಿರುತ್ತದೆ. ಆದರೆ ಅಲ್ಲಿ ಕೂತಿದ್ದಾಗ ನಿಮಗೆ ಹಾಗೆ ಕೇಳಿರಲಿಲ್ಲ. ಮೂರು ಸಾಲು ಆಚೆ ಕೂತ ಚಿಕ್ಕಮ್ಮ ನಿಮ್ಮ ಸಂಬಳದ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಿದ್ದು ಸ್ಪಷ್ಟವಾಗಿ ಕೇಳಿತ್ತು. ಅದೇ ಹೊತ್ತಿನಲ್ಲಿ ವಾಲಗ ಮಾಯವಾಗಿತ್ತು. ನಮ್ಮ ಕಿವಿ ಬೇಕಾದ್ದನ್ನು ಹೆಕ್ಕುತ್ತದೆ. ಮೈಕಿಗೆ ಹೆಕ್ಕಲು ಬರುವುದಿಲ್ಲ. ಅದಕ್ಕೆ ಚಿಕ್ಕಮ್ಮ ಯಾರು, ಡೋಲು ಯಾವುದು ಎಂಬ ಭೇದವೇ ಇಲ್ಲ. ಮೈಕ್ ತಂದುಕೊಟ್ಟ ಆ ರಾಶಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮುಳುಗಿಸಬೇಕು ಅಂತ ಯಾರೋ ಒಬ್ಬರು ಕೂತು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಿದ ಕೂಡಲೇ ಅದು ಯಾರದೋ ಒಬ್ಬರ ಕಿವಿ ಆಗಿಬಿಡುತ್ತದೆ.

ಕೆಲಸದ ವಿವರ ಬೇಗ ಹೇಳಿ ಮುಗಿಸುತ್ತೇನೆ. ಶೂಟಿಂಗ್ ಜಾಗದಲ್ಲಿ ರೆಕಾರ್ಡ್ ಆದ ಮಾತು ಒಂದು ಪದರ. ಅದು ಸರಿಯಿಲ್ಲದಿದ್ದರೆ ಡಬ್ಬಿಂಗ್. ಹೆಜ್ಜೆ, ಬಟ್ಟೆಯ ಸರಬರ, ಲೋಟ ಇಡುವ ಸದ್ದು, ಇದಕ್ಕೆಲ್ಲ ಫೋಲಿ, ಅಂದರೆ ಚಿತ್ರ ನೋಡುತ್ತಾ ಸ್ಟುಡಿಯೋದಲ್ಲಿ ಆ ಸದ್ದುಗಳನ್ನು ಹೊಸದಾಗಿ ಮಾಡುವುದು. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿ ಎಂಬುವರ ಹೆಸರೇ ಕಸುಬಿನ ಹೆಸರಾಯಿತು. ಆಮೇಲೆ ಎಫೆಕ್ಟ್ಸ್, ಜಾಗದ ಹಿನ್ನೆಲೆ ಸದ್ದು, ಸಂಗೀತ, ಕೊನೆಗೆ ಮಿಕ್ಸಿಂಗ್. ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸುವುದು, ಸೆಲರಿ ದಂಟು ಮುರಿದು ಮೂಳೆ ಮುರಿಯುವುದು, ಇಂಥ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೋಡಲು ಮಜವಾಗಿರುತ್ತವೆ. ಆದರೆ ಅದು ಅಡುಗೆಮನೆಯ ವಿಷಯ, ಊಟದ ರುಚಿ ಬೇರೆ ಕಡೆ ಇದೆ.

ಸೌಂಡ್ ಕೆಲಸ ಮಾಡುವ ಒಬ್ಬ ಗೆಳೆಯನಿದ್ದಾನೆ. ಅವನ ದೊಡ್ಡ ಗೋಳು ರೂಮ್ ಟೋನ್. ದೃಶ್ಯ ಮುಗಿದ ಮೇಲೆ ಅದೇ ಜಾಗದಲ್ಲಿ ಎಲ್ಲರೂ ಅಲ್ಲಾಡದೆ ನಿಂತು, ಅರ್ಧ ನಿಮಿಷವೋ ಒಂದು ನಿಮಿಷವೋ ಬರೀ ಆ ಕೋಣೆಯ ನಿಶ್ಶಬ್ದವನ್ನು ರೆಕಾರ್ಡ್ ಮಾಡಬೇಕು. ಪ್ರತಿ ಕೋಣೆಗೂ ತನ್ನದೇ ಒಂದು ನಿಶ್ಶಬ್ದ ಇರುತ್ತದೆ. ಆಮೇಲೆ ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಸಂದಿಗೆ ಅದನ್ನೇ ತುಂಬುತ್ತಾರೆ. ಇಲ್ಲದಿದ್ದರೆ ಅಲ್ಲಿ ಸದ್ದೇ ಸತ್ತುಹೋದ ಹಾಗೆ ಕೇಳುತ್ತದೆ. "ಒಂದು ನಿಮಿಷ ಸುಮ್ನಿರಿ ಅಂದ್ರೆ ಸಾಕು ಮಾರಾಯ, ಆಗಲೇ ಎಲ್ರಿಗೂ ಕೆಮ್ಮು ಬರುತ್ತೆ, ಟೀ ನೆನಪಾಗುತ್ತೆ" ಅನ್ನುತ್ತಾನೆ.

ಮರ್ಚ್ ವಿಷಯಕ್ಕೆ ಬರುತ್ತೇನೆ. 1974ರಲ್ಲಿ ಅವರೂ 'ಗಾಡ್‌ಫಾದರ್' ನಿರ್ದೇಶಕ ಕೊಪೊಲಾ ಅವರೂ ಸೇರಿ ಮಾಡಿದ 'ದಿ ಕಾನ್ವರ್ಸೇಷನ್' ಕಿವಿಯ ಬಗ್ಗೆಯೇ ಇರುವ ಸಿನಿಮಾ. ಹ್ಯಾರಿ ಕಾಲ್ ಎಂಬುವನು ಬೇರೆಯವರ ಮಾತನ್ನು ಕದ್ದು ರೆಕಾರ್ಡ್ ಮಾಡುವುದರಲ್ಲಿ ನಿಪುಣ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ಗುಂಪಿನ ನಡುವೆ ಸುತ್ತುಹಾಕುತ್ತಾ ಮಾತಾಡುವ ಒಂದು ಜೋಡಿಯ ಮಾತನ್ನು ಅವನು ಹಿಡಿಯಬೇಕು. ಅಲ್ಲೇ ಬಾರಿಸುತ್ತಿದ್ದ ವಾದ್ಯದ ಸದ್ದಿನಡಿ ಒಂದು ವಾಕ್ಯ ಮುಚ್ಚಿಹೋಗಿದೆ. ಟೇಪನ್ನು ತಿರುಗಿಸಿ ತಿರುಗಿಸಿ, ಸೋಸಿ ಸೋಸಿ ಅವನು ಅದನ್ನು ಹೊರತೆಗೆಯುತ್ತಾನೆ. 'ಅವಕಾಶ ಸಿಕ್ಕರೆ ಅವನು ನಮ್ಮನ್ನು ಕೊಂದುಬಿಡುತ್ತಾನೆ' ಅಂತ ಆ ಜೋಡಿಯ ಹುಡುಗ ಯಾರ ಬಗ್ಗೆಯೋ ಹೇಳುತ್ತಿದ್ದಾನೆ. ಒತ್ತು 'ಕೊಂದು' ಅನ್ನುವುದರ ಮೇಲೆ. ಪಾಪ, ಈ ಇಬ್ಬರ ಜೀವಕ್ಕೆ ಅಪಾಯ ಇದೆ ಅಂತ ಹ್ಯಾರಿ ಒದ್ದಾಡುತ್ತಾನೆ. ಅವನ ಜೊತೆ ನಾವೂ ಒದ್ದಾಡುತ್ತೇವೆ.

ಚಿತ್ರ ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಕೊನೆಯಲ್ಲಿ ಅದೇ ವಾಕ್ಯ ಮತ್ತೆ ಬರುತ್ತದೆ. ಈ ಸಲ ಒತ್ತು 'ನಮ್ಮನ್ನು' ಎಂಬುದರ ಮೇಲಿದೆ. ಅವನು ನಮ್ಮನ್ನೇ ಕೊಲ್ಲುವವನು, ಹಾಗಾಗಿ ನಾವೇ ಮೊದಲು ಮುಗಿಸೋಣ ಅನ್ನುವ ಧಾಟಿ. ಮಾತು ಅದೇ, ದನಿ ಅದೇ. ಮರ್ಚ್ ಇಲ್ಲಿ ಬಳಸಿದ್ದು ಅದೇ ನಟ ಬೇರೆ ರೀತಿ ಹೇಳಿದ್ದ ಇನ್ನೊಂದು ಟೇಕನ್ನು. ಟೇಪ್ ಬದಲಾಗಲು ಸಾಧ್ಯವಿಲ್ಲ ಅಲ್ವಾ? ಬದಲಾದದ್ದು ಹ್ಯಾರಿಯ ಕಿವಿ. ಅಲ್ಲಿಯವರೆಗೆ ಅವನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದ. ನಾವು ಕೂತಿದ್ದೂ ಅದೇ ಕಿವಿಯಲ್ಲಿ, ಹಾಗಾಗಿ ನಾವೂ ಮೋಸ ಹೋದೆವು. ತಾಂತ್ರಿಕವಾಗಿ ಇದು ಸುಳ್ಳು. ಕೆಲವರು ಇದಕ್ಕಾಗಿ ಮರ್ಚ್ ಅವರನ್ನು ಆಕ್ಷೇಪಿಸುವುದೂ ಉಂಟು. ನನಗಂತೂ ಇದಕ್ಕಿಂತ ಪ್ರಾಮಾಣಿಕವಾದ ಸುಳ್ಳು ಇನ್ನೊಂದಿಲ್ಲ.

ಮುಂದೆ 1979ರ 'ಅಪೋಕ್ಯಾಲಿಪ್ಸ್ ನೌ' ಚಿತ್ರದಲ್ಲಿ ಮರ್ಚ್ ಹೆಸರಿನ ಜೊತೆ 'ಸೌಂಡ್ ಡಿಸೈನ್' ಅಂತ ಬಂತು. ಸೈಗಾನಿನ ಹೋಟೆಲ್ ರೂಮಿನಲ್ಲಿ ಮಲಗಿರುವ ಸೈನಿಕನ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಕೇಳುವುದು ಹೆಲಿಕಾಪ್ಟರ್. ಇದಕ್ಕೆ ವಿವರಣೆಯೇ ಬೇಡ.

ಮಾತಿನ ಸಿನಿಮಾ ಹುಟ್ಟಿ ಇನ್ನೂ ನಾಲ್ಕಾರು ವರ್ಷ ಆಗಿದ್ದಾಗಲೇ ಜರ್ಮನಿಯಲ್ಲಿ ಫ್ರಿಟ್ಜ್ ಲ್ಯಾಂಗ್ ಇದನ್ನು ಅರಿತಿದ್ದರು. 1931ರ ಅವರ 'ಎಮ್' ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ಇದ್ದಾನೆ. ಅವನು ಒಂದು ರಾಗವನ್ನು ಸಿಳ್ಳೆ ಹಾಕುತ್ತಾನೆ. ಇಡೀ ಊರಿನ ಪೊಲೀಸರು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದರೂ ಸಿಗದವನನ್ನು ಕೊನೆಗೆ ಗುರುತಿಸುವುದು ಬಲೂನು ಮಾರುವ ಕುರುಡ. ಹಿಂದೆ ಕೊಲೆಯಾದ ಒಂದು ಮಗುವಿಗೆ ಇವನು ಬಲೂನು ಕೊಳ್ಳುವಾಗಲೂ ಇದೇ ಸಿಳ್ಳೆ ಕೇಳಿತ್ತು ಅಂತ ಅವನಿಗೆ ನೆನಪಾಗುತ್ತದೆ. ಚಿತ್ರದಲ್ಲಿ ಎಷ್ಟೋ ಹೊತ್ತು ಸದ್ದೇ ಇರುವುದಿಲ್ಲ, ಪೂರ್ತಿ ಮೌನ. ಹಾಗಾಗಿ ಸಿಳ್ಳೆ ಬಂದಾಗ ಮೈ ಜುಮ್ಮೆನ್ನುತ್ತದೆ. ಈಗಿನವರಾಗಿದ್ದರೆ ಆ ಮೌನವನ್ನು ಬಿಡುತ್ತಿದ್ದರಾ?

ನಮ್ಮ ದೇಶದ ಮಟ್ಟಿಗೆ ಈ ವಿಷಯ ಬಂದಾಗ ನನ್ನ ತಲೆ ಮೊದಲು ಬಂಗಾಳಕ್ಕೆ ಓಡುತ್ತದೆ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ಎಂದರೆ ಎಲ್ಲರಿಗೂ ನೆನಪಾಗುವುದು ಬಿಳಿ ಹೂವಿನ ಬಯಲಿನಾಚೆ ಹೊಗೆ ಬಿಡುತ್ತಾ ಹೋಗುವ ರೈಲು. ಬನಶಂಕರಿಯ ಸುಚಿತ್ರಾದಲ್ಲಿ ಅದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ನಿಂತಿದ್ದು ಅದಕ್ಕಿಂತ ಸ್ವಲ್ಪ ಮುಂಚಿನ ತಂತಿ ಕಂಬ. ಅಕ್ಕ ದುರ್ಗಾ ಅದಕ್ಕೆ ಕಿವಿ ಹಚ್ಚುತ್ತಾಳೆ. ಒಳಗೆ ಗುಂಯ್ ಅನ್ನುವ ಸದ್ದು. ತಮ್ಮ ಅಪುವಿಗೆ ಅದೇನು ಅಂತ ಗೊತ್ತಿಲ್ಲ. ಆ ಸದ್ದು ಕಂಬದಿಂದ ಬಿಡಿಸಿಕೊಂಡು ಇಡೀ ಬಯಲನ್ನು ತುಂಬುತ್ತದೆ. ಹಾಗಾಗಿ ರೈಲು ಕಣ್ಣಿಗೆ ಬೀಳುವ ಮೊದಲೇ ನಾವು ಇಬ್ಬರು ಹಳ್ಳಿ ಮಕ್ಕಳಾಗಿರುತ್ತೇವೆ. ಎಷ್ಟೋ ರೈಲು ಹತ್ತಿಳಿದ ನಮಗೂ ಆ ರೈಲು ಹೊಸದಾಗಿ ಕಾಣುತ್ತದೆ.

ಅದೇ ಚಿತ್ರದಲ್ಲಿ ಈ ಮಕ್ಕಳ ಅಪ್ಪ ಹರಿಹರ ಊರಿಗೆ ಮರಳುವ ದೃಶ್ಯವಿದೆ. ದುರ್ಗಾ ಸತ್ತಿರುವುದು ಅವನಿಗೆ ಗೊತ್ತಿಲ್ಲ. ಖುಷಿಯಿಂದ ಒಂದೊಂದೇ ಸಾಮಾನು ತೆಗೆದು ತೋರಿಸುತ್ತಾನೆ. ದುರ್ಗಾಳಿಗೆ ಅಂತ ತಂದ ಸೀರೆಯನ್ನು ಹೆಂಡತಿ ಸರ್ಬಜಯಾ ಕೈಗೆ ಕೊಡುತ್ತಾನೆ. ಅವಳು ಅದನ್ನು ಹಿಡಿದುಕೊಂಡು ಕುಸಿಯುತ್ತಾಳೆ. ಬಾಯಿ ತೆರೆಯುತ್ತದೆ, ಅಳು ಕೇಳುವುದಿಲ್ಲ. ಅದರ ಬದಲು ತಾರ್ ಶಹನಾಯಿ ಕೂಗುತ್ತದೆ. ಅದು ಕಮಾನಿನಿಂದ ನುಡಿಸುವ ತಂತಿವಾದ್ಯ. ದನಿ ಜೋರಾಗಲು ಅದಕ್ಕೊಂದು ಕೊಳವೆ ಇರುತ್ತದೆ. ಸಂಗೀತ ರವಿಶಂಕರ್ ಅವರದ್ದು. ಅಳುವನ್ನು ಯಾಕೆ ತೆಗೆದರು? ತಾಯಿಯ ಅಳು ಕೇಳಿದ್ದರೆ ನಾವು ಆ ಅಂಗಳದಲ್ಲಿ ನಿಂತ ನೆರೆಯವರಾಗಿ ಉಳಿಯುತ್ತಿದ್ದೆವು. ಪಾಪ ಅನ್ನುತ್ತಿದ್ದೆವು. ಅಳು ಹೋಗಿ ಆ ವಾದ್ಯ ಬಂದಾಗ ಹೊರಗೆ ನಿಲ್ಲಲು ಜಾಗವೇ ಇರುವುದಿಲ್ಲ. ಅಷ್ಟು ದುಃಖದಲ್ಲಿ ಅವಳಿಗೆ ತನ್ನ ದನಿಯೇ ಕೇಳಿಸಿರಲಾರದು.

ಋತ್ವಿಕ್ ಘಟಕ್ ಇನ್ನೂ ಒರಟು. 'ಮೇಘೆ ಢಾಕಾ ತಾರಾ' (1960) ಚಿತ್ರದ ನೀತಾ, ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ಮನೆಯ ದೊಡ್ಡ ಮಗಳು. ಎಲ್ಲರನ್ನೂ ಸಾಕುವವಳು ಅವಳೇ. ಅವಳು ಮದುವೆಯಾಗಬೇಕಿದ್ದವನ ಮನೆಯಲ್ಲಿ ತನ್ನ ತಂಗಿಯೇ ಇದ್ದಾಳೆ ಅಂತ ಗೊತ್ತಾಗಿ ಮೆಟ್ಟಿಲು ಇಳಿದು ಬರುವಾಗ ಚಾಟಿ ಏಟಿನ ಸದ್ದು ಕೇಳುತ್ತದೆ. ಅಲ್ಲಿ ಚಾಟಿ ಇಲ್ಲ, ಹೊಡೆಯುವವರೂ ಇಲ್ಲ. ಮುಂದೆ ಅಣ್ಣನ ಜೊತೆ ಹಾಡುವಾಗಲೂ ಅದೇ ಏಟು. ಇದು ಅತಿಯಾಯಿತು ಅನ್ನುವವರಿದ್ದಾರೆ. ನನಗೂ ಕೆಲವೊಮ್ಮೆ ಹಾಗೆ ಅನ್ನಿಸುತ್ತದೆ. ಆದರೆ ನೀತಾ ಚಿತ್ರದುದ್ದಕ್ಕೂ ದನಿ ಎತ್ತಿ ಏನನ್ನೂ ಕೇಳುವವಳಲ್ಲ. ಬಾಯಿ ಮುಚ್ಚಿಕೊಂಡಿರುವವಳ ಒಳಗಿನದನ್ನು ಕೇಳಿಸಲು ಘಟಕ್ ಹಿಡಿದ ದಾರಿ ಅದು.

ಬಾಯಲ್ಲಿ ಹೇಳಲಾಗದವನು ಅಂದಾಗ ನಮ್ಮ ಚೋಮ ಬರಲೇಬೇಕು. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. 'ಚೋಮನ ದುಡಿ'ಗೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದು ತುಂಡು ಹೊಲ ಉಳಬೇಕು ಅನ್ನುವುದು ಚೋಮನ ಆಸೆ. ಅವನ ಜಾತಿಯವನಿಗೆ ಅದು ಸಲ್ಲದು. ಧಣಿಯ ಮುಂದೆ ನಿಂತಾಗ ಅವನ ಬಾಯಿಂದ ಬರುವ ಮಾತು ನಾಲ್ಕಾರು. ಗುಡಿಸಲಿಗೆ ಬಂದು ದುಡಿ ಎತ್ತಿಕೊಂಡರೆ ಆ ಮಾತೆಲ್ಲ ಹೊರಗೆ ಬರುತ್ತದೆ. ಸಿಟ್ಟಿಗೆ ದುಡಿ, ಸಂತೋಷಕ್ಕೆ ದುಡಿ, ಸಾವಿಗೂ ದುಡಿ. ಕೊನೆಗೆ ಬಾಗಿಲು ಹಾಕಿಕೊಂಡು ಬಾರಿಸುತ್ತಾ ಬಾರಿಸುತ್ತಾ ಸಾಯುತ್ತಾನೆ. ಇದನ್ನು ಹಿನ್ನೆಲೆ ಸಂಗೀತ ಅಂತ ಹೇಗೆ ಕರೆಯುವುದು? ಕಥೆ ನಡೆಯುತ್ತಿರುವುದೇ ಅಲ್ಲಿ. ಕೇಳುತ್ತಿರುವ ಕಿವಿ ಮಾತ್ರ ಚೋಮನದ್ದಲ್ಲ. ಕತ್ತಲಲ್ಲಿ ದೂರದಿಂದ ದುಡಿ ಕೇಳಿಸಿಕೊಂಡು ಮಗ್ಗುಲು ಬದಲಿಸುವ ಊರಿನವರದ್ದು. ನಮ್ಮದು.

ಇಂಥ ಸಿನಿಮಾಗಳ ನಡುವೆಯೂ ನಮ್ಮಲ್ಲಿ ಬಹುಕಾಲ ಒಂದು ತೊಡಕು ಇತ್ತು. 60, 70ರ ದಶಕದಿಂದ ಭಾರತದಲ್ಲಿ ತುಂಬಾ ಬಳಕೆಗೆ ಬಂದ ಆರಿ ಕ್ಯಾಮೆರಾಗಳು ಹಗುರ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆದರೆ ಓಡುವಾಗ ಕಟಕಟ ಸದ್ದು. ಆ ಸದ್ದಿನ ನಡುವೆ ನಟರ ಮಾತನ್ನು ಸರಿಯಾಗಿ ಹಿಡಿಯುವುದು ಕಷ್ಟ. ಹಾಗಾಗಿ ಶೂಟಿಂಗಿನಲ್ಲಿ ಲೆಕ್ಕಕ್ಕೆ ಒಂದು ಪೈಲಟ್ ಟ್ರ್ಯಾಕ್ (ಡಬ್ಬಿಂಗಿಗೆ ಆಧಾರವಾಗುವ ಕಚ್ಚಾ ರೆಕಾರ್ಡಿಂಗ್) ಮಾಡಿಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಎಲ್ಲವನ್ನೂ ಡಬ್ ಮಾಡುವುದೇ ಪದ್ಧತಿಯಾಯಿತು. ಕನ್ನಡದವರು ಡಬ್ಬಿಂಗು, ಹಾಡು, ಆರ್‌ಆರ್ (ಹಿನ್ನೆಲೆ ಸಂಗೀತ) ಅಂತ ಮದ್ರಾಸಿಗೆ ಓಡಾಡಿದ್ದೇ ಓಡಾಡಿದ್ದು. ಶಂಕರ್ ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ್ದರ ಹಿಂದೆ ಈ ಓಡಾಟ ತಪ್ಪಿಸುವ ಆಸೆಯೂ ಇತ್ತು.

ಡಬ್ಬಿಂಗ್ ಎಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ದೊಡ್ಡ ಅಭಿನಯ ಡಬ್ಬಿಂಗ್ ಕೋಣೆಯಲ್ಲೇ ಹುಟ್ಟಿದೆ. ತೊಂದರೆ ಬೇರೆ. ಹಳೆಯ ಚಿತ್ರಗಳಲ್ಲಿ ಗದ್ದೆಯ ಆ ಬದುವಿನಲ್ಲಿ ನಿಂತವನು ಮಾತಾಡಿದರೂ ದನಿ ನಮ್ಮ ಕಿವಿಯ ಪಕ್ಕದಲ್ಲೇ ಬರುತ್ತದೆ. ಬಾವಿಯೊಳಗಿದ್ದರೂ ಅಷ್ಟೇ, ಬಸ್ಸಿನೊಳಗಿದ್ದರೂ ಅಷ್ಟೇ. ಎಲ್ಲರೂ ಮೈಕಿನಿಂದ ಒಂದು ಗೇಣು ದೂರ. ಹಾಗೆ ಕೇಳಿಸಿಕೊಳ್ಳುವ ಮನುಷ್ಯ ಆ ಗದ್ದೆಯಲ್ಲಿ ಎಲ್ಲೂ ಇಲ್ಲ. ಅದು ಯಾರ ಕಿವಿಯೂ ಅಲ್ಲ. ನಾವು ಕಥೆ ಕೇಳುತ್ತೇವೆ, ಕಥೆಯ ಜಾಗದಲ್ಲಿ ಇರುವುದಿಲ್ಲ.

2001ರ 'ಲಗಾನ್' ಚಿತ್ರದ ತಂಡ ಕಚ್ಛಿನ ಬಯಲಿನಲ್ಲಿ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಿನಲ್ಲೇ ಮಾತು ರೆಕಾರ್ಡ್ ಮಾಡುವ ಕೆಲಸ, ಮಾಡಿದ ಮೇಲೆ ದೊಡ್ಡ ಚಿತ್ರಗಳವರಿಗೂ ಇದರ ಬಗ್ಗೆ ಧೈರ್ಯ ಬಂತು. ಕನ್ನಡದಲ್ಲಿ ಇದರ ಸುಖ ಏನು ಅಂತ ತಿಳಿಯಬೇಕಾದರೆ ರಾಮ್ ರೆಡ್ಡಿ ಅವರ 'ತಿಥಿ' ನೋಡಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ ಅಲ್ಲಿನವರನ್ನೇ ಹಾಕಿಕೊಂಡು ಮಾಡಿದ ಚಿತ್ರ. ಶುರುವಿನಲ್ಲಿ ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರುವವರಿಗೆಲ್ಲ ಬೈಯುತ್ತಾ ಕೂರುತ್ತಾನೆ. ಬೈಗುಳದ ಜೊತೆ ಆ ದಾರಿಯೂ ಕೇಳುತ್ತದೆ. ಗಡ್ಡಪ್ಪ ಹೊಲದ ನಡುವೆ ನಡೆದು ಹೋಗುವಾಗ ಅವನು ನಮ್ಮಿಂದ ಎಷ್ಟು ದೂರ ಇದ್ದಾನೆ ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಅಂಥ ಜನರನ್ನು ಸ್ಟುಡಿಯೋಗೆ ಕರೆದು, ಹೆಡ್‌ಫೋನ್ ಹಾಕಿ, ಪರದೆಯ ಮೇಲಿನ ತಮ್ಮದೇ ತುಟಿಗೆ ಮಾತು ಕೂಡಿಸಿ ಅಂದಿದ್ದರೆ ಏನಾಗುತ್ತಿತ್ತೋ. ಗಡ್ಡಪ್ಪ ಎದ್ದು ಹೊರಟೇ ಹೋಗುತ್ತಿದ್ದ ಅಂತ ನನ್ನ ಅನುಮಾನ.

ಈಗಿನ ಮಾಸ್ ಸಿನಿಮಾಗಳ ಬಗ್ಗೆ ಒಂದು ಮಾತು. ಹೀರೋ ಎಂಟ್ರಿಗೆ ಕಿವಿ ಕಿತ್ತುಹೋಗುವ ಆರ್‌ಆರ್ ಯಾಕೆ ಅಂತ ನಾನು ದೂರುವುದಿಲ್ಲ. ಗಾಂಧಿನಗರದಲ್ಲಿ ಫಸ್ಟ್ ಡೇ ಫಸ್ಟ್ ಶೋ ನೋಡಿದವರಿಗೆ ಗೊತ್ತು, ಅಲ್ಲಿ ಸಿಳ್ಳೆಯೂ ಸೌಂಡ್‌ಟ್ರ್ಯಾಕಿನ ಭಾಗವೇ. ಅದು ಗುಂಪಿನ ಕಿವಿಗೆ ಮಾಡಿದ ಸದ್ದು, ಗುಂಪಿನಲ್ಲಿ ಕೂತೇ ಕೇಳಬೇಕು. ನನ್ನ ತ್ರಾಸ ಎಲ್ಲಿ ಅಂದರೆ, ಇಂಟರ್ವಲ್ ಆದ ಮೇಲೆ ಅದೇ ಹೀರೋ ಅಮ್ಮನ ಎದುರು ಸುಮ್ಮನೆ ಕೂತ ದೃಶ್ಯದಲ್ಲೂ ಪಿಟೀಲು ಬಿಡುವುದಿಲ್ಲ. ಅಮ್ಮ ತಟ್ಟೆ ಇಡುವ ಸದ್ದು ಕೇಳುವುದಿಲ್ಲ. ಈಗ ಅಳಬೇಕು ಅಂತ ಭುಜ ತಟ್ಟಿ ಹೇಳುತ್ತಿರುತ್ತಾರೆ. ಹಾಗೆ ಹೇಳಿದ ಕೂಡಲೇ ನನಗೆ ಪಾಪ್‌ಕಾರ್ನ್ ನೆನಪಾಗುತ್ತದೆ.

2022ರ 'ಕಾಂತಾರ'ದಲ್ಲಿ ಎರಡೂ ಇತ್ತು. ಅಬ್ಬರ ಬೇಕಾದಷ್ಟಿತ್ತು, ಅದರ ಜೊತೆ ಆ 'ಓ' ಎನ್ನುವ ಕೂಗೂ ಇತ್ತು. ಕಾಡಿನೊಳಗಿಂದ ಬರುವ, ಕಥಾನಾಯಕ ಶಿವನ ನಿದ್ದೆ ಕೆಡಿಸುವ, ಅವನ ಅಪ್ಪನನ್ನು ಕರೆದುಕೊಂಡು ಹೋದ ಜಾಗದ ಕೂಗು. ಅದು ಎಷ್ಟು ಜನರ ಕಿವಿಗೆ ಹೊಕ್ಕಿತೆಂದರೆ ಥಿಯೇಟರಿನಲ್ಲಿ, ಬೀದಿಯಲ್ಲಿ, ರೀಲ್ಸ್‌ನಲ್ಲಿ ಎಲ್ಲರೂ ಕೂಗತೊಡಗಿದರು. ದಯವಿಟ್ಟು ಹಾಗೆ ಅನುಕರಿಸಬೇಡಿ, ಅದು ನಂಬಿಕೆಯ ವಿಷಯ ಅಂತ ರಿಷಬ್ ಶೆಟ್ಟಿ ಅವರೇ ಕೇಳಿಕೊಳ್ಳಬೇಕಾಯಿತು. ಕರಾವಳಿಯವರಿಗೆ ಕೋಲದ ರಾತ್ರಿಯಲ್ಲಿ ಆ ಕೂಗು ಕೇಳಿ ಗೊತ್ತು. ಅದನ್ನು ಕೇಳುವವರ ಮೈಯಲ್ಲಿ ಭಯಭಕ್ತಿ ಇರುತ್ತದೆ. ಸಿನಿಮಾದೊಳಗೆ ಶಿವನ ಕಿವಿಯಲ್ಲಿ ಕೂತಿದ್ದಷ್ಟು ಹೊತ್ತು ನಮಗೂ ಆ ಭಯ ಇತ್ತು. ಹೊರಗೆ ಬಂದ ಮೇಲೆ ಕಿವಿ ನಮ್ಮದಾಯಿತು, ಕೂಗು ಮೋಜಾಯಿತು.

ಒಬ್ಬರ ಕಿವಿಯೊಳಗೆ ಪೂರ್ತಿ ಇಳಿಸುವ ಕೆಲಸವನ್ನು 'ಸೌಂಡ್ ಆಫ್ ಮೆಟಲ್' ಮಾಡಿದೆ. ಅದಕ್ಕೆ 2021ರಲ್ಲಿ ಆಸ್ಕರ್ ಬಂತು. ಡ್ರಮ್ಮರ್ ಒಬ್ಬನ ಕಿವಿ ಹೋಗುವ ಕಥೆ. ನಿಕೋಲಾ ಬೆಕರ್ ಮತ್ತು ತಂಡದವರು ಅವನ ತಲೆಯೊಳಗಿನ ಮಂಕು ಸದ್ದನ್ನೂ ಹೊರಗಿನ ಸದ್ದನ್ನೂ ಅಕ್ಕಪಕ್ಕ ಇಟ್ಟು ನಮ್ಮನ್ನು ಆಚೀಚೆ ಎಳೆದಾಡುತ್ತಾರೆ. ಆಪರೇಷನ್ ಮಾಡಿಸಿಕೊಂಡು, ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಹಾಕಿಸಿಕೊಂಡ ಮೇಲೆ ಲೋಕವೆಲ್ಲ ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಕೇಳುವ ಭಾಗ ಇದೆಯಲ್ಲ, ಅದು ತುಂಬಾ ಕಾಡುತ್ತದೆ. ಒಳ್ಳೆಯ ಚಿತ್ರ. ಆದರೆ ಅದರ ದಾರಿ ನೇರ. ಇದಕ್ಕಿಂತ ಹೆಚ್ಚು ನನ್ನನ್ನು ಅಲ್ಲಾಡಿಸಿದ್ದು ಇನ್ನೊಂದು.

ಜೊನಾಥನ್ ಗ್ಲೇಜರ್ ಅವರ 'ದಿ ಝೋನ್ ಆಫ್ ಇಂಟರೆಸ್ಟ್' (2023). ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಔಷ್ವಿಟ್ಸ್ ಕ್ಯಾಂಪಿನ ಮುಖ್ಯಸ್ಥ ರುಡಾಲ್ಫ್ ಹೊಸ್, ಅವನ ಹೆಂಡತಿ ಹೆಡ್ವಿಗ್, ಮಕ್ಕಳು, ನಾಯಿ, ಹೂದೋಟ. ಮನೆಯ ಕಾಂಪೌಂಡಿನ ಆಚೆಯೇ ಕ್ಯಾಂಪು. ಅದರೊಳಗೆ ಏನು ನಡೆಯುತ್ತಿದೆ ಅಂತ ಒಮ್ಮೆಯೂ ತೋರಿಸುವುದಿಲ್ಲ. ಕಾಣುವುದು ಗೋಡೆ, ಛಾವಣಿ, ಕಾವಲು ಗೋಪುರ, ಹೊಗೆ. ಉಳಿದದ್ದೆಲ್ಲ ಸದ್ದು. ದೂರದ ಗುಂಡಿನ ಶಬ್ದ, ಕಿರುಚಾಟ, ನಾಯಿಗಳು, ಬಂದು ನಿಲ್ಲುವ ರೈಲು, ಎಲ್ಲಕ್ಕಿಂತ ಕೆಳಗೆ ಹಗಲೂ ರಾತ್ರಿ ನಿಲ್ಲದ ಒಂದು ಗುಮ್ಮೆನ್ನುವ ಸದ್ದು. ಹೆಣ ಸುಡುವ ಕುಲುಮೆಗಳ ಸದ್ದು.

ಸೌಂಡ್ ಡಿಸೈನರ್ ಜಾನಿ ಬರ್ನ್ ಶೂಟಿಂಗಿಗೆ ಮೊದಲೇ ಸುಮಾರು 600 ಪುಟದ ಒಂದು ಕಡತ ಮಾಡಿಕೊಂಡಿದ್ದರು. ಬದುಕುಳಿದವರ ಹೇಳಿಕೆಗಳು, ಕ್ಯಾಂಪಿನ ನಕ್ಷೆ, ಯಾವ ಘಟನೆ ಎಲ್ಲಿ ನಡೆಯಿತು, ಆ ಜಾಗ ಮನೆಯಿಂದ ಎಷ್ಟು ದೂರ, ಅಷ್ಟು ದೂರದಿಂದ ಸದ್ದು ಹೇಗೆ ಕೇಳೀತು, ಯಾವ ಬಂದೂಕು, ಯಾವ ಮೋಟಾರ್ ಸೈಕಲ್ಲು. ಕಿರುಚಾಟಕ್ಕೆ ನಟರನ್ನು ಕರೆಸಿದರೆ ಅಭಿನಯದ ವಾಸನೆ ಬರುತ್ತದೆ ಅಂತ, ನಿಜವಾದ ಬೀದಿಗಳಲ್ಲಿ ನಿಜವಾದ ಜನ ಕೂಗಿದ್ದನ್ನು ಹುಡುಕಿ ತಂದು ಬಳಸಿದರು. ಔಷ್ವಿಟ್ಸ್‌ನಲ್ಲಿ ಸಾಯುವವರ ಕೂಗು ಕೇಳದಿರಲಿ ಅಂತ ವಾಹನಗಳ ಎಂಜಿನ್ ಜೋರಾಗಿ ಓಡಿಸುತ್ತಿದ್ದರು ಎಂದು ಸಾಕ್ಷ್ಯಗಳಿವೆ. ಒಂದು ಸದ್ದು ಮುಚ್ಚಲು ಇನ್ನೊಂದು ಸದ್ದು ಎಬ್ಬಿಸಿದವರೂ ಅವರೇ. 2024ರಲ್ಲಿ ಬರ್ನ್ ಮತ್ತು ಟಾರ್ನ್ ವಿಲ್ಲರ್ಸ್ ಇಬ್ಬರಿಗೂ ಈ ಕೆಲಸಕ್ಕೆ ಆಸ್ಕರ್ ಬಂತು.

ಚಿತ್ರ ಶುರುವಾದಾಗ ಒಂದಷ್ಟು ನಿಮಿಷ ಪರದೆ ಪೂರ್ತಿ ಕಪ್ಪು. ಮಿಕಾ ಲೆವಿ ಅವರ ಸಂಗೀತ ಮಾತ್ರ. ನೋಡಲು ಏನೂ ಇಲ್ಲ, ಕೇಳಿ ಅಂತ ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ನದಿ ದಡದಲ್ಲಿ ಕುಟುಂಬದ ಪಿಕ್‌ನಿಕ್. ಮನೆಗೆ ಬಂದ ಮೇಲೆ ಸದ್ದುಗಳು ಬರತೊಡಗುತ್ತವೆ. ಮೊದಲು ಪ್ರತಿ ಗುಂಡಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಹೆಡ್ವಿಗ್ ಹೂ ತೋರಿಸುತ್ತಾ ಮಾತಾಡುತ್ತಲೇ ಇರುತ್ತಾಳೆ, ಅವಳ ರೆಪ್ಪೆ ಕೂಡ ಕದಲುವುದಿಲ್ಲ. ಅಂದರೆ ಕೇಳುತ್ತಿರುವ ಕಿವಿ ಅವಳದ್ದಲ್ಲ, ನಮ್ಮದು. ಗಾಡ್‌ಫಾದರ್‌ನ ಹೋಟೆಲಿಗೆ ಇದು ತಿರುಗುಮುರುಗು. ಅಲ್ಲಿ ಪಾತ್ರದ ಕಿವಿಗೆ ನಮ್ಮನ್ನು ಸೇರಿಸಿದ್ದರು. ಇಲ್ಲಿ ಪಾತ್ರದ ಕಿವಿಯಿಂದ ನಮ್ಮನ್ನು ಹೊರಗಿಟ್ಟಿದ್ದಾರೆ. ಕಥೆಯಲ್ಲಿ ಯಾರೂ ಕೇಳಿಸಿಕೊಳ್ಳದ್ದನ್ನು ನಾವು ಒಬ್ಬರೇ ಕೇಳಿಸಿಕೊಳ್ಳಬೇಕು.

ಆದರೆ ಚಿತ್ರ ಅರ್ಧ ಆಗುವ ಹೊತ್ತಿಗೆ ನನಗೆ ಆ ಗುಮ್ಮೆನ್ನುವ ಸದ್ದು ಕೇಳುತ್ತಿರಲಿಲ್ಲ. ಅದು ನಿಂತಿರಲಿಲ್ಲ. ನಾನು ಹೆಡ್ವಿಗ್‌ಳ ಸಂಸಾರದ ಜಗಳದಲ್ಲಿ, ಗಂಡನ ವರ್ಗಾವಣೆಯ ಚಿಂತೆಯಲ್ಲಿ ಮುಳುಗಿಹೋಗಿದ್ದೆ. ಕಥೆಯೊಳಗೆ ಎಳೆದುಕೊಳ್ಳುವುದು ಅಂದರೆ ಇದೂ ಹೌದಲ್ವಾ? ಅದು ಗೊತ್ತಾದದ್ದು ಹೆಡ್ವಿಗ್‌ಳ ತಾಯಿ ಬಂದ ಮೇಲೆ. ಮುದುಕಿಗೆ ಮಗಳ ಮನೆ, ತೋಟ ಎಲ್ಲ ನೋಡಿ ಖುಷಿ. ರಾತ್ರಿ ಅವಳಿಗೆ ಕೆಮ್ಮು, ನಿದ್ದೆ ಬರುವುದಿಲ್ಲ. ಕಿಟಕಿಯಲ್ಲಿ ಕೆಂಪು ಬೆಳಕು. ಆಗ ಆ ಸದ್ದು ನನಗೂ ಮತ್ತೆ ಕೇಳಿತು. ಅವಳ ಕಿವಿ ಇನ್ನೂ ಪಳಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಯಾರಿಗೂ ಹೇಳದೆ ಹೊರಟುಹೋಗಿರುತ್ತಾಳೆ.

ಮಕ್ಕಳದ್ದು ಇನ್ನೊಂದು ಥರ. ಚಿಕ್ಕ ಹುಡುಗ ತನ್ನ ಕೋಣೆಯಲ್ಲಿ ಆಡಿಕೊಳ್ಳುತ್ತಿರುವಾಗ ಹೊರಗೆ ಒಬ್ಬ ಕೈದಿಗೆ ಶಿಕ್ಷೆ ಕೊಡುವುದು ಕೇಳುತ್ತದೆ. ಹಣ್ಣಿಗಾಗಿ ಜಗಳವಾಡಿದ ತಪ್ಪಿಗೆ ಅವನನ್ನು ಮುಳುಗಿಸಲು ಹೇಳುತ್ತಾರೆ. ಹುಡುಗ ಕಿಟಕಿಯಿಂದ ಇಣುಕಿ, ಮತ್ತೆ ಬಂದು, ಇನ್ನೊಮ್ಮೆ ಹಾಗೆ ಮಾಡಬೇಡ ಅಂತ ತನ್ನಷ್ಟಕ್ಕೆ ಗೊಣಗುತ್ತಾನೆ. ಕೈದಿಗೆ ಹೇಳಿದನೋ, ಇಣುಕಿದ ತನಗೇ ಹೇಳಿಕೊಂಡನೋ. ಕೇಳಿಸಿಕೊಳ್ಳದಿರುವುದನ್ನು ಅವನು ಆಗಷ್ಟೇ ಕಲಿಯುತ್ತಿದ್ದಾನೆ.

ಒಂದು ಸಲಹೆ. ಈ ಚಿತ್ರವನ್ನು ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ನೋಡಬೇಡಿ. ಅಷ್ಟು ಚಿಕ್ಕ ಸ್ಪೀಕರಿಗೆ ತಗ್ಗಿನ ಸದ್ದು ಹೊರಡಿಸುವ ಶಕ್ತಿ ಇಲ್ಲ. ಮಾತು ಕೇಳುತ್ತದೆ, ಹಕ್ಕಿ ಕೇಳುತ್ತದೆ, ಮಗುವಿನ ಅಳು ಕೇಳುತ್ತದೆ. ಕೆಳಗಿನ ಆ ಗುಮ್ಮೆನ್ನುವುದು ಹೆಚ್ಚುಕಮ್ಮಿ ಅಳಿಸಿಹೋಗುತ್ತದೆ, ದೂರದ ಕೂಗುಗಳು ಮನೆಯ ಫ್ಯಾನಿನ ಸದ್ದಿನಲ್ಲಿ ಕರಗುತ್ತವೆ. ಒಬ್ಬ ಸಂಬಂಧಿ ಹಾಗೇ ನೋಡಿ, "ಏನೋ ಒಂದು ಫ್ಯಾಮಿಲಿ, ತೋಟ ಚೆನ್ನಾಗಿದೆ, ಕಥೆಯೇ ಇಲ್ವಲ್ಲೋ" ಅಂದರು. ಅವರು ನೋಡಿದ್ದು ಹೆಡ್ವಿಗ್ ಕಿವಿಗೆ ಕೇಳುವ ಸಿನಿಮಾ. ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ ಅಂತ ಹೇಳಿದ್ದೇನೆ. ಇನ್ನೂ ನೋಡಿಲ್ಲ.